ಕಾರ್ಡಿನಲ್ಲಿ ಬಿ.ಎಸ್ಸಿ.

ಮದುವೆ ಕಾರ್ಡಿನಲ್ಲಿ ಹೆಣ್ಣುಗಂಡಿನ ಹೆಸರಿನ ಪಕ್ಕ ಅವರವರ ಓದನ್ನು ಅಚ್ಚು ಹಾಕಿಸುವುದು ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಈಚೆಗೆ ಕಾರ್ಡಿನ ಮೂಲೆಗೆ ಅರಿಶಿನ ಹಚ್ಚುವಷ್ಟೇ ಕಡ್ಡಾಯವಾಗಿದೆ. ಓದಿಲ್ಲದ ಹೆಸರು ಬೋಳು ಹಣೆಯ ಹಾಗೆ ಕಾಣುತ್ತದೆ ಅನ್ನುವುದು ಚಲುವಮ್ಮನ ಮಾತು. ಅವಳು ಓದಿದ್ದು ನಾಲ್ಕನೇ ಕ್ಲಾಸು. ಕಾರ್ಡು ಓದುವಷ್ಟು ಅಕ್ಷರ ಬರುತ್ತಿತ್ತು. ಯಾರ ಮನೆಯ ಕಾರ್ಡು ಬಂದರೂ ಮುಹೂರ್ತ ನೋಡುವುದಕ್ಕೆ ಮುಂಚೆ ಹೆಸರಿನ ಪಕ್ಕದ ಆ ಎರಡು ಅಕ್ಷರ ನೋಡುತ್ತಿದ್ದಳು.

ಹಿಂದಿನ ವರ್ಷ ಓರಗಿತ್ತಿ ನಾಗಮಣಿ ತನ್ನ ಮಗನಿಗೆ ಬಿ.ಇ. ಮಾಡಿದ ಹುಡುಗಿಯನ್ನು ತಂದಿದ್ದಳು. ಭಾಗವಾದ ಮನೆ, ನಡುವೆ ಒಂದೇ ಗೋಡೆ. ಆ ಮದುವೆಯ ಕಾರ್ಡಿಗೆ ಗಾಜು ಹಾಕಿಸಿ ನಾಗಮಣಿ ಹಜಾರದಲ್ಲಿ ನೇತುಹಾಕಿದ ದಿನದಿಂದ ಚಲುವಮ್ಮನಿಗೆ ಆ ಗೋಡೆಯ ಕಡೆ ತಲೆ ಹಾಕಿ ಮಲಗಲು ಆಗಲಿಲ್ಲ. ಅವಳ ಮಗ ಸಿದ್ದೇಶ್ ಡಿಪ್ಲೊಮಾ ಮಾಡಿ ಮದ್ದೂರಿನ ಹತ್ತಿರ ಒಂದು ಕಾರ್ಖಾನೆಯಲ್ಲಿ ಪಾಳಿ ಕೆಲಸಕ್ಕಿದ್ದ. ಅವನಿಗೆ ಹೆಣ್ಣು ಹುಡುಕುವಾಗ ಚಲುವಮ್ಮ ಬಣ್ಣ ಕೇಳಲಿಲ್ಲ, ಎತ್ತರ ಕೇಳಲಿಲ್ಲ. ಡಿಗ್ರಿ ಇದೆಯಾ ಅಂದಳು.

ಕೆರಗೋಡಿನ ಶಿವರಾಜು ಆಲೆಮನೆ ನಡೆಸುವವನು. ಒಬ್ಬಳೇ ಮಗಳು, ಅಮೃತ. ಮಂಡ್ಯದ ಕಾಲೇಜಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಳು. ಮಾತುಕತೆಯ ದಿನ ಅವನು ಕೇಳಿದ್ದು ಒಂದೇ.

"ಇನ್ನೊಂದ್ ಸೆಮಿಸ್ಟ್ರು ಬಾಕಿ ಅದೆ ಬೀಗ್ರೇ. ಅದೊಂದ್ ಮುಗ್ಸಕೆ ಬುಟ್ಬುಡಿ. ನಮ್ ವಂಸ್ದಲ್ಲೇ ಯಾರೂ ಅಷ್ಟ್ ಓದಿಲ್ಲ."

"ಸೊಸೆ ಅಂದ್ಕಂಡಿಲ್ಲ ಕಣ್ ಬೀಗ್ರೇ, ಮಗ್ಳು," ಅಂದಳು ಚಲುವಮ್ಮ. "ನಮ್ ಕವಿತ ಅದೇ ಕಾಲೇಜಲ್ ಬಿ.ಕಾಂ. ಕೊನೇ ವರ್ಸ ಓದ್ತವ್ಳೆ. ಇಬ್ರೂ ಜೊತೇಲ್ ಓಗ್ತರೆ, ಜೊತೇಲ್ ಬತ್ತರೆ. ಕಾರ್ಡ್ಗೆ ಬಿ.ಎಸ್ಸಿ. ಅಂತ್ಲೇ ಆಕ್ಸಣ."

"ಮುಗ್ದಿಲ್ವಲ್ಲ ಬೀಗ್ರೇ."

"ಮುಗ್ದಂಗೇ ಬುಡಿ. ಯಾರ್ ಬಂದ್ ಎಣ್ಸ್‌ತಾರೆ?"

ಮಗಳ ಹೆಸರಿನ ಪಕ್ಕ ಆ ಅಕ್ಷರ ನೋಡುವ ಆಸೆ ಶಿವರಾಜುವಿಗೂ ಇತ್ತು. ತಲೆಯಾಡಿಸಿದ.

ಕಾರ್ಡು ಅಚ್ಚಾಗಿ ಊರೂರಿಗೆ ಹಂಚಿಕೆಯಾಯಿತು. ನಾಗಮಣಿಯ ಮನೆಗೆ ಚಲುವಮ್ಮ ತಾನೇ ಹೋಗಿ ಕೊಟ್ಟು ಬಂದಳು.

ಮಾಘದಲ್ಲಿ ಮದುವೆಯಾಯಿತು. ಬೀಗರೂಟ ಮುಗಿದ ಮೂರನೆಯ ದಿನ ಅಮೃತ ಬೆಳಿಗ್ಗೆ ಎದ್ದು ತಲೆ ಬಾಚಿ, ಬ್ಯಾಗು ಹೆಗಲಿಗೆ ಹಾಕಿಕೊಂಡು, ನಾದಿನಿ ಕವಿತಳ ಜೊತೆ ಅರಳಿಕಟ್ಟೆಯ ಹತ್ತಿರ ಮೊದಲನೇ ಬಸ್ಸಿಗೆ ನಿಂತಳು. ಸಂಜೆಯೊಳಗೆ ಗೋಡೆಯಾಚೆಯಿಂದ ಮಾತು ಬಂತು.

"ಅಕ್ಕಾ, ನಿನ್ ಸೊಸೆ ಬ್ಯಾಗ್ ತಗಲಾಕಂಡ್ ಬಸ್ಸತ್ತುದ್ಲಂತೆ? ಕಾರ್ಡಲ್ಲಿ ಬಿ.ಎಸ್ಸಿ. ಅಂತಿತ್ತು. ಮುಗ್ದದೆ ಅಂದ್ಕಂಡಿದ್ದೆ ಕಣಕ್ಕ ನಾನು."

"ಮುಗ್ದದೆ ಕಣೇ. ಕಂಪ್ಯೂಟ್ರು ಕಲ್ಯಕೆ ಓಯ್ತವ್ಳೆ."

ಸುಳ್ಳು ಸಲೀಸಾಗಿ ಬಂತು. ಬಂದ ಮೇಲೆ ಅದಕ್ಕೆ ನೆರಳು ಮಾಡಿಕೊಡಬೇಕಾಯಿತು. ಮೊದಲನೇ ಬಸ್ಸಿನ ತುಂಬ ಕಾಲೇಜು ಹುಡುಗಿಯರು. ಯಾರು ಯಾವ ಕ್ಲಾಸು ಎಂದು ಕಂಡಕ್ಟರಿಗೂ ಗೊತ್ತು. ರಾತ್ರಿ ಮುದ್ದೆ ಕಟ್ಟುತ್ತ ಚಲುವಮ್ಮ ಹೇಳಿದಳು:

"ನಾಳಿಂದ ಆ ಬಸ್ಸಲ್ ಓಗ್ಬ್ಯಾಡ ಕಣವ್ವ. ಎರಡ್ನೇ ಬಸ್ಸಲ್ ಓಗು. ಪುಸ್ತ್ಕ ಆ ತರ್ಕಾರಿ ಬುಟ್ಟೀಲಿಟ್ಕ. ಸಂತೆಗೋಗ್ತವ್ಳೆ ಅಂದ್ಕತಾರೆ."

"ಅದು ಮದ್ದೂರ್ ಸೇರಾದೇ ಲೇಟು ಅತ್ತೆ. ಅಲ್ಲಿಂದ ಮಂಡ್ಯದ್ ಬಸ್ಸು ಇಡೀಬೇಕು. ಮೊದಲ್ನೇ ಪಿರಿಯಡ್ ಓಗ್ಬುಡ್ತದೆ. ಅದೇ ಜುವಾಲಜಿ."

"ಮನೇಲ್ ಓದ್ಕಂಡ್ರಾಯ್ತು."

"ಓದ್ಕಂಡ್ರೆ ಆಗಲ್ಲ ಅತ್ತೆ. ಅಟೆಂಡೆನ್ಸು ಅಂತದೆ. ನೂರಕ್ಕೆ ಎಪ್ಪತ್ತೈದು ಇಲ್ಲಾಂದ್ರೆ ಪರೀಕ್ಸೆಗೇ ಕೂರ್ಸಲ್ಲ."

"ದಡ್ರಿಗಿರ್ಬೇಕು ಅದು. ನೀನ್ ಬುದ್ವಂತೆ ತಾನೆ?"

ಊಟಕ್ಕೆ ಕೂತಿದ್ದ ಸಿದ್ದೇಶ್ ಉಪ್ಸಾರಿನಲ್ಲಿ ಮುದ್ದೆ ಅದ್ದುತ್ತ ನಕ್ಕ. "ಫ್ಯಾಕ್ಟ್ರೀಲಿ ನನ್ನೇ ರೇಗುಸ್ತಾವ್ರೆ ಕಣವ್ವ. 'ನಿನ್ ಟಿಫನ್ ಬಾಕ್ಸ್ ಎಂಡ್ತಿ ಕಟ್ತಾಳೋ, ಅವ್ಳದ್ ನೀನ್ ಕಟ್ತೀಯೋ' ಅಂತ." ಆಮೇಲೆ ಹೆಂಡತಿಯ ಕಡೆ ತಿರುಗಿ, "ಆ ಡಿಗ್ರಿ ತಕಂಡ್ ಏನ್ಮಾಡೀಯೆ?" ಅಂದ.

"ಬಿ.ಎಡ್. ಮಾಡ್ತೀನಿ. ಐಸ್ಕೂಲ್ ಟೀಚರ್ ಆಗ್ಬೋದು."

"ಇನ್ನೂ ಎರಡ್ ವರ್ಸ? ಸರೋಯ್ತು."

ಮಾವ ಮಹದೇವು ತಟ್ಟೆಯಿಂದ ತಲೆ ಎತ್ತದೆ, "ಮಾತ್ ಕೊಟ್ಟಿದೀವಿ ಕಣ್ಲಾ," ಅಂದ. ಅಷ್ಟೇ. ಅವನು ಆಡುವ ಮಾತೆಲ್ಲ ಹೀಗೇ, ಒಂದು ಸಲ ಬಂದು ಗೂಟಕ್ಕೆ ಕಟ್ಟಿದ ಕರುವಿನ ಹಾಗೆ ಅಲ್ಲೇ ನಿಂತುಬಿಡುತ್ತಿತ್ತು.

ಮಾರನೆಯ ದಿನದಿಂದ ಅಮೃತ ತರಕಾರಿ ಬುಟ್ಟಿಯಲ್ಲಿ ಪುಸ್ತಕವಿಟ್ಟು, ಮೇಲೆ ಒಂದು ಟವಲು ಮುಚ್ಚಿ, ಎರಡನೇ ಬಸ್ಸಿಗೆ ಹೋದಳು. ಕವಿತ ಬ್ಯಾಗು ತೂಗಾಡಿಸಿಕೊಂಡು ಮೊದಲನೇ ಬಸ್ಸಿಗೆ ಹೋಗುತ್ತಿದ್ದಳು. ಅವಳು ಓದುವುದು ಊರಿಗೆಲ್ಲ ಗೊತ್ತಿರಬೇಕಿತ್ತು. ಓದುವ ಹುಡುಗಿಗೇ ಗಂಡು ಬರುವುದು.

ಮನೆಯ ಹಿಂದಿನ ಶೆಡ್ಡಿನಲ್ಲಿ ರೇಷ್ಮೆ ಹುಳದ ಬೆಳೆ ಇತ್ತು. ಹುಳ ಸೊಪ್ಪು ಬಿಟ್ಟು ತಲೆ ಎತ್ತಿ ಅಲ್ಲಾಡದೆ ಕೂರುವುದನ್ನು ಜ್ವರ ಅನ್ನುತ್ತಾರೆ. ನಾಲ್ಕು ಜ್ವರ ಎದ್ದರೆ ಆಮೇಲೆ ಅದರ ಹಸಿವಿಗೆ ಮಿತಿ ಇಲ್ಲ. ಅಂಥ ದಿನಗಳಲ್ಲಿ ಸೊಪ್ಪು ಕೊಯ್ಯುವ ಆಳು ಬರಲಿಲ್ಲವೆಂದರೆ ಅಮೃತಳ ಬುಟ್ಟಿ ಮೊಳೆಯಲ್ಲೇ ಉಳಿಯುತ್ತಿತ್ತು. ಹಾಗೆ ಯುಗಾದಿ ಕಳೆಯಿತು, ಒಂದು ಬೆಳೆಯ ಗೂಡು ರಾಮನಗರದ ಮಾರ್ಕೆಟ್ಟಿಗೆ ಹೋಯಿತು, ಇನ್ನೊಂದು ಬೆಳೆಗೆ ಮರಿಹುಳ ಬಂತು.

ಒಂದು ಸಂಜೆ ಕವಿತ ಚಪ್ಪಲಿ ಬಿಡುತ್ತಲೇ ಕೂಗಿದಳು. "ಅವ್ವಾ, ಅತ್ತಿಗೆ ಎಸ್ರು ಬೋರ್ಡಿಗಾಕವ್ರೆ! ಅಟೆಂಡೆನ್ಸ್ ಸಾರ್ಟೇಜು. ಪರೀಕ್ಸೆಗೆ ಕೂರ್ಸಲ್ವಂತೆ!"

"ಮೆತ್ಗೆ ಮಾತಾಡೇ ಮುಂಡೆ," ಚಲುವಮ್ಮ ಗೋಡೆಯ ಕಡೆ ನೋಡಿದಳು. ಗೋಡೆಯಾಚೆ ಪಾತ್ರೆ ತಿಕ್ಕುವ ಸದ್ದು ಆಗಲೇ ನಿಂತಿತ್ತು.

ಆ ರಾತ್ರಿ ಚಲುವಮ್ಮ ಲೆಕ್ಕ ಹಾಕಿದಳು. ಸೊಸೆ ಡಿಗ್ರಿ ಮುಗಿಸದೆ ಹೋದರೆ ಕಾರ್ಡು ಸುಳ್ಳಾಗಿಯೇ ಉಳಿಯುತ್ತದೆ. ಇಷ್ಟು ದಿನ ಅದು ಹೇಗೂ ಮುಂದೆ ನಿಜವಾಗುವ ಸುಳ್ಳಾಗಿತ್ತು.

ಬೆಳಿಗ್ಗೆ ಒಳ್ಳೆಯ ಸೀರೆ ಉಟ್ಟು ಸೊಸೆಯ ಜೊತೆ ತಾನೇ ಮಂಡ್ಯಕ್ಕೆ ಹೊರಟಳು. ಪಾಠ ಹೇಳುವ ಮೇಡಂ ನಡುವಯಸ್ಸಿನವರು. ಕುರ್ಚಿ ಕೊಟ್ಟರು, ನೀರು ಕೊಟ್ಟರು.

"ಅಮೃತ ನಮ್ಮ ಒಳ್ಳೇ ವಿದ್ಯಾರ್ಥಿನಿ ಅಮ್ಮಾ. ಅದಕ್ಕೇ ನನಗೆ ಸಂಕಟ," ಅಂದರು.

"ಅಂಗಾರೆ ಕೂರ್ಸಿ ಮೇಡಂ. ಪಾಠ ಬರ್ದಿದ್ರೆ ಫೇಲ್ ಮಾಡಿ, ಬಂದ್ರೆ ಪಾಸ್ ಮಾಡಿ. ಬೆಂಚ್ ಮ್ಯಾಲೆ ಎಷ್ಟೊತ್ ಕುಂತಿದ್ಲು ಅಂತ ಎಣ್ಸಾದ್ಯಾಕೆ? ಇಟ್ಟು ಬೆಂದದಾ ಅಂತ ನೋಡ್ತಾರೆ. ಒಲೆ ಮುಂದೆ ಎಷ್ಟೊತ್ ಕುಂತಿದ್ದೆ ಅಂತ ಯಾರಾರ ಕೇಳ್ತಾರಾ?"

ಮೇಡಂ ನಗಲಿಲ್ಲ. ಪೆನ್ನಿಗೆ ಮುಚ್ಚಳ ಹಾಕಿ ಇಟ್ಟರು.

"ನಾನೂ ಓದೋವಾಗ ಹಾಗೇ ಜಗಳ ಆಡಿದ್ದೆ. ಈಗ ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಈ ನಿಯಮ ಇಲ್ಲದೇ ಇದ್ದಿದ್ರೆ ಇವಳನ್ನ ಎಷ್ಟು ದಿನ ಕಳಿಸ್ತಿದ್ರಿ?"

ಚಲುವಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು.

"ಪರೀಕ್ಷೆ ದಿನ ಕಳಿಸ್ತಿದ್ರಿ. ಎಲ್ಲರೂ ಹಾಗೇ. ಇಲ್ಲಿ ಬರೋ ಹುಡುಗೀರು ಮನೇಲಿ ಒಂದೇ ಮಾತು ಹೇಳ್ತಾರೆ. ಹೋಗ್ಲೇಬೇಕು, ಇಲ್ದಿದ್ರೆ ಕೂರ್ಸಲ್ಲ ಅಂತ. ಆ ಮಾತಿನಿಂದ ದಿನಕ್ಕೆ ಐದು ಗಂಟೆ ಅವರಿಗೆ ಸಿಗುತ್ತೆ. ಕೂತು ಕೇಳೋಕೆ, ಪ್ರಶ್ನೆ ಹಾಕೋಕೆ, ತಪ್ಪು ಮಾಡೋಕೆ. ಇವಳೊಬ್ಬಳಿಗೆ ನಾನು ಸಡಿಲ ಮಾಡಿದ್ರೆ ಮಿಕ್ಕವರ ಕೈಲಿ ಆ ಮಾತೂ ಉಳಿಯಲ್ಲ. ನಾಳೆ ಇನ್ನೊಬ್ಬರ ಅತ್ತೆ ಬಂದು ಇದೇ ಕುರ್ಚೀಲಿ ಕೂರ್ತಾರೆ."

"ಈಗೇನ್ ದಾರಿ ಮೇಡಂ?"

"ಇದು ಮೊದಲ ಪಟ್ಟಿ. ಉಳಿದ ದಿನ ಒಂದೂ ಬಿಡದೆ, ಮೊದಲನೇ ಪಿರಿಯಡ್ಡಿನಿಂದ ಬಂದರೆ ಅಂಚಿಗೆ ಮುಟ್ಟುತ್ತೆ. ಅಂಚಿಗೆ. ಒಂದು ದಿನ ತಪ್ಪಿದ್ರೂ ನನ್ನ ಕೈಲಿಲ್ಲ."

ಮೆಟ್ಟಿಲು ಇಳಿಯುವಾಗ ಅಮೃತ, "ಓಗಿರಾದ್ರಲ್ಲಿ ಜಾಸ್ತಿ ಮೊದಲ್ನೇ ಪಿರಿಯಡ್ಡೇ ಅತ್ತೆ," ಅಂದಳು. ದೂರುವ ದನಿ ಇರಲಿಲ್ಲ. ಚಲುವಮ್ಮನಿಗೆ ತರಕಾರಿ ಬುಟ್ಟಿ ಕಣ್ಣಿಗೆ ಬಂತು. ಮದ್ದೂರಿನಲ್ಲಿ ಬಸ್ಸು ಬದಲಾಯಿಸುವಾಗ ವಡೆ ಕೊಡಿಸಿದಳು. ಇಬ್ಬರೂ ನಿಂತುಕೊಂಡೇ ಒಂದೇ ಕಾಗದದಲ್ಲಿ ಮುರಿದು ತಿಂದರು.

"ನಾಳಿಂದ ಮೊದಲ್ನೇ ಬಸ್ಸಲ್ಲೇ ಓಗು," ಅಂದಳು ಚಲುವಮ್ಮ. "ಬ್ಯಾಗೇ ತಗಲಾಕಂಡೋಗು. ಅವ್ಳ್ ಬಾಯ್ನ ನಾನ್ ನೋಡ್ಕತೀನಿ."

ನೋಡಿಕೊಂಡಳು ಕೂಡ. ನಾಗಮಣಿ ನಲ್ಲಿಯ ಹತ್ತಿರ, "ಕಂಪ್ಯೂಟ್ರು ಬೆಳ್ಳಂಬೆಳಿಗ್ಗೇನೇ ಶುರುವಾ ಅಕ್ಕಾ?" ಅಂದಾಗ, "ಊಂ ಕಣೇ, ನಿನ್ ಸೊಸೆ ಬಿ.ಇ. ಮಾಡಿ ಮಧ್ಯಾಹ್ನದ್ ಗಂಟ ಮಲ್ಗಿರ್ತಾಳಲ್ಲ, ಅಂಗಲ್ಲ ನಮ್ಮವ್ಳು," ಅಂದು ಕೊಡ ಎತ್ತಿಕೊಂಡು ಬಂದಳು. ಆ ಎರಡು ವಾರ ಬೆಳಗಿನ ಸೊಪ್ಪು ಅವಳೇ ಕೊಯ್ದಳು. ಬೆಳಗಿನ ರೊಟ್ಟಿ ಅವಳೇ ತಟ್ಟಿದಳು. ಕವಿತಳನ್ನು ಕಸ ಗುಡಿಸಲು ಎಬ್ಬಿಸಿದರೆ ಅವಳು, "ಅತ್ತಿಗೆ ಬಂದ್ಮೇಲೂ ನಾನೇನಾ?" ಎಂದು ಪೊರಕೆಯನ್ನು ಗೋಡೆಗೆ ಬಡಿಯುತ್ತಿದ್ದಳು.

ಸಂಜೆ ಸೊಪ್ಪು ಹಾಕುವಾಗ ಅಮೃತ ಮಾತಾಡುತ್ತಿದ್ದಳು. ಬಂದಾಗಿನಿಂದ ಅಷ್ಟು ಮಾತಾಡಿದ್ದು ಅದೇ ಮೊದಲು.

"ಇದು ಜ್ವರ ಅಲ್ವಂತೆ ಅತ್ತೆ. ಅಳೇ ಚರ್ಮ ಬಿಗಿಯಾಯ್ತದೆ, ಅದ್ನ ಕಳಚಕ್ಕೆ ಇಂಗ್ ಕೂರಾದು."

"ಏನಾರ ಅನ್ನು. ಆವಾಗ ಸೊಪ್ಪಾಕ್ಬಾರ್ದು, ಅಷ್ಟೇಯ."

"ಯಾಕಾಕ್ಬಾರ್ದು?"

"ಯಾಕೆ ಅಂದ್ರೆ? ಆಕ್ಬಾರ್ದು!"

ಅಮೃತ ನಕ್ಕಳು. ಚಲುವಮ್ಮನಿಗೂ ನಗು ಬಂತು. ನಾಗಮಣಿ ಕೇಳಲಿ ಎಂದು ಸ್ವಲ್ಪ ಜೋರಾಗಿಯೇ ನಕ್ಕಳು.

ಆ ಹೊತ್ತಿಗೆ ಮಳವಳ್ಳಿಯಿಂದ ಕವಿತಳಿಗೆ ಗಂಡಿನ ಮಾತು ಬಂತು. ಹುಡುಗನಿಗೆ ಕರೆಂಟಾಫೀಸಿನಲ್ಲಿ ಪರ್ಮನೆಂಟು ಕೆಲಸ. ಅಂಥ ಮನೆಯವರು ತಾವಾಗಿ ಕೇಳಿದ್ದೇ ದೊಡ್ಡದು. ಶುಕ್ರವಾರ ಬೆಳಿಗ್ಗೆ ನೋಡಲು ಬರುತ್ತೇವೆ, ಆ ದಿನ ಬಿಟ್ಟರೆ ಹುಡುಗನಿಗೆ ರಜೆ ಇಲ್ಲ ಎಂದು ಹೇಳಿ ಕಳಿಸಿದರು.

ಶುಕ್ರವಾರ ಅಮೃತ ಎಂದಿನಂತೆ ಬ್ಯಾಗು ತೆಗೆದುಕೊಂಡಳು. ರವೆ ಹುರಿಯುತ್ತಿದ್ದ ಚಲುವಮ್ಮ ಅಡುಗೆಮನೆಯಿಂದ ಈಚೆಗೆ ಬಂದಳು.

"ಇವತ್ತೊಂದಿನ ನಿಂತ್ಕ ಕಣವ್ವ."

"ಕವಿತನ್ ನೋಡಕ್ ಬರಾದಲ್ವಾ ಅತ್ತೆ? ನಾನ್ಯಾಕೆ?"

"ಮನೆ ಸೊಸೆ ಎಲ್ಲಿ ಅಂತಾರೆ. ಏನನ್ಲಿ? ಮದ್ವೆ ಕಾರ್ಡು ಅವ್ರ್ಗೂ ಓಗಿತ್ತು. ಕಾಲೇಜ್ಗೋಗವ್ಳೆ ಅಂದ್ರೆ, ಇವ್ರ್ ಕಾರ್ಡಲ್ ಆಕ್ಸಾದೆಲ್ಲ ಸುಳ್ಳು ಅನ್ನಲ್ವಾ? ಕವಿತನ್ ಓದೂ ಸುಳ್ಳೇಯ ಅಂದ್ಕತಾರೆ."

"ಒಂದಿನಾನೂ ತಪ್ಪುಸ್ಬ್ಯಾಡ ಅಂದ್ರು. ನೀವೇ ಕೇಳುಸ್ಕಂಡ್ರಿ."

"ಒಂದಿನ ಏನ್ ಮಹಾ? ಆಮೇಲ್ ನಾನೇ ಬಂದ್ ಮೇಡಂ ಕಾಲಿಡೀತೀನಿ. ಇದು ನನ್ ಮಗ್ಳ್ ಬಾಳು ಕಣವ್ವ."

"ಮಾತ್ ಕೊಟ್ಟಿದ್ವಿ..." ಎಂದು ಜಗಲಿಯಿಂದ ಮಹದೇವು ಶುರುಮಾಡಿದ.

"ಅಂಗಾರೆ ನೀವೇ ಬಂದ್ ಕೇಸ್ರೀಬಾತ್ ಕೆದ್ಕಿ!"

ಮಹದೇವು ಶೆಡ್ಡಿನ ಕಡೆ ಹೋದ. ಸಿದ್ದೇಶ್ ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದ, ಏಳಲಿಲ್ಲ. ಅರಳಿಕಟ್ಟೆಯಲ್ಲಿ ಬಸ್ಸು ಹಾರನ್ನು ಹೊಡೆಯಿತು. ಅಮೃತ ಅದು ಹೋಗುವವರೆಗೂ ಬಾಗಿಲಲ್ಲಿ ನಿಂತಿದ್ದು, ಬ್ಯಾಗನ್ನು ಮೊಳೆಗೆ ಹಾಕಿ, ಹುರಿದ ರವೆಯ ಬಾಣಲೆಯ ಮುಂದೆ ಬಂದು ಕೂತಳು.

ಮಳವಳ್ಳಿಯವರು ಕಾರಿನಲ್ಲಿ ಬಂದರು. ಹುಡುಗನ ತಾಯಿ ದಪ್ಪ ಮೈಯ, ನಗುಮುಖದ ಹೆಂಗಸು. ಕವಿತ ಎದುರಿಗೆ ಕೂತಿದ್ದಳು. ಅಮೃತ ತಟ್ಟೆ ತಂದಿಟ್ಟಾಗ ಆ ಹೆಂಗಸು ಅವಳ ಕೈ ಹಿಡಿದು ಕೇಳಿದಳು.

"ನೀನೇನವ್ವ ಸೊಸೆ? ಏನೋದಿದ್ದೀಯೆ?"

"ಬಿ.ಎಸ್ಸಿ.," ಅಂದಳು ಚಲುವಮ್ಮ, ಒಳಬಾಗಿಲಿನಿಂದ.

ಅಮೃತ ಅತ್ತೆಯನ್ನು ಒಂದು ಸಲ ನೋಡಿದಳು. "ಕಾರ್ಡಲ್ಲಿ ಬಿ.ಎಸ್ಸಿ.," ಅಂದಳು.

ಚಲುವಮ್ಮ ಮಾತು ಮರೆಸಲು ಹೊಸಲು ದಾಟಿ ಈಚೆಗೆ ಬಂದಳು. ಆದರೆ ಮಳವಳ್ಳಿಯ ಹೆಂಗಸು ಹೊಟ್ಟೆ ಕುಲುಕಿಸಿ ನಕ್ಕಳು.

"ಎಲ್ರದೂ ಅಷ್ಟೇ ಬುಡವ್ವ! ಎಣ್ಮಕ್ಳು ಓದು ಇನ್ನೇನಕೆ? ನಮ್ ದೊಡ್ಸೊಸೇದೂ ಅಂಗೇಯ. ಕಾರ್ಡಲ್ಲಿ ಎಂ.ಎ." ಆಮೇಲೆ ಮಹದೇವುವಿನ ಕಡೆ ತಿರುಗಿದಳು. "ನಮ್ಗೆ ಉಡ್ಗಿ ಒಪ್ಗೆ ಆಗದೆ. ಆಸಾಡ ಬರಾದ್ರೊಳ್ಗೆ ಮುಗ್ಸ್ಬುಡವ."

"ಪರೀಕ್ಸೆ..." ಅಂದಳು ಚಲುವಮ್ಮ. "ಅವ್ಳ್ ಪರೀಕ್ಸೆ ಆಸಾಡ್ದ್ ಹೊತ್ಗೆ ಬತ್ತದೆ."

"ಬರ್ಲಿ ಬುಡಿ ಬೀಗ್ರೇ, ನಮ್ಮನೆಯಿಂದ್ಲೇ ಬರೀತಾಳೆ. ಸೊಸೆ ಅಂದ್ಕಂಡಿಲ್ಲ ಕಣಿ, ಮಗ್ಳು. ಕಾರ್ಡ್ಗೆ ಬಿ.ಕಾಂ. ಅಂತ್ಲೇ ಆಕ್ಸಣ. ಮುಗ್ದಂಗೇ ತಾನೆ?"

ತನ್ನ ಮನೆಯ ಹಜಾರದಲ್ಲಿ, ತನ್ನದೇ ಮಾತು, ತನ್ನದೇ ನಗುವಿನ ಜೊತೆ ಬಂದು ಕೂತದ್ದನ್ನು ಚಲುವಮ್ಮ ಕೇಳಿದಳು. ಆ ಮಾತಿನ ಒಳಗೆ ಏನಿರುತ್ತದೆ ಎಂದು ಈ ಮನೆಯಲ್ಲಿ ಅವಳಷ್ಟು ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ.

"ಅಲ್ಲ... ಪರೀಕ್ಸೆ ಮುಗೀಲಿ, ಸ್ರಾವಣ್ದಲ್ಲಿ..." ಅಂದಳು.

"ನೀ ಸುಮ್ಕಿರಮ್ಮಿ," ಮಹದೇವು ಅಂದ. ಆ ದಿನ ಅವನ ಮಾತು ಮುಂದಕ್ಕೂ ನಡೆಯಿತು. "ಅವ್ರೇ ಓದುಸ್ತೀವಿ ಅಂತಾವ್ರಲ್ಲ, ಇನ್ನೇನು? ಆಗ್ಲಿ ಬೀಗ್ರೇ."

ಅವರು ಹೋದ ಮೇಲೆ ಚಲುವಮ್ಮ ಮಗಳನ್ನು ಅಡುಗೆಮನೆಗೆ ಎಳೆದುಕೊಂಡಳು. "ನೀನಾರ ಬ್ಯಾಡ ಅನ್ನೇ. ಪರೀಕ್ಸೆ ಮುಗ್ದ್ಮೇಲೆ ಅನ್ನು. ನೀನಂದ್ರೆ ನಿಮ್ಮಪ್ಪ ಕೇಳ್ತದೆ."

"ಯಾಕವ್ವ?" ಕವಿತ ಉಳಿದ ಕೇಸರೀಬಾತಿಗೆ ಕೈ ಹಾಕಿದ್ದಳು. "ನಂಗೇನ್ ಬ್ಯಾಡ ಆ ಅಕೌಂಟ್ಸು. ಗಂಡ್ ಸಿಗ್ಲಿ ಅಂತ್ ತಾನೆ ಓದ್ಸಿದ್ದು? ಸಿಕ್ತಲ್ಲ."

ಒಂದು ದಿನ ತಪ್ಪಿದ ಮೇಲೆ ಎರಡನೆಯ ದಿನಕ್ಕೆ ಬೆಲೆ ಉಳಿಯಲಿಲ್ಲ. ಶನಿವಾರ ಹುಳ ಹಣ್ಣಾಯಿತು. ಹಣ್ಣಾದ ಹುಳವನ್ನು ಆ ಹೊತ್ತೇ ಆಯ್ದು, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡದಿದ್ದರೆ ಅದು ನೂಲನ್ನು ಕಸದಲ್ಲಿ ಕಳೆದುಬಿಡುತ್ತದೆ. ನಿಲ್ಲು ಎಂದು ಯಾರೂ ಹೇಳಲಿಲ್ಲ. ಅಮೃತ ತಾನಾಗಿಯೇ ಸೆರಗು ಸಿಕ್ಕಿಸಿ ಶೆಡ್ಡಿಗೆ ಇಳಿದಳು. ಮೇಡಂ ಫೋನು ಮಾಡಿದರು. ಫೋನು ಜಗಲಿಯ ಮೇಲೆ ಬಡಿದುಕೊಂಡು ಬಡಿದುಕೊಂಡು ನಿಂತಿತು. ವಾರ ಕಳೆದು ಚಲುವಮ್ಮ, "ನಡಿ, ಕಾಲಿಡಿಯಕ್ಕೆ ಬತ್ತೀನಿ ಅಂದಿದ್ನಲ್ಲ," ಅಂದಾಗ ಅಮೃತ, "ಇಡ್ದ್ ಏನ್ಮಾಡೀರಿ ಅತ್ತೆ," ಅಂದು ಸಾರಿಗೆ ಹುಣಸೆಹುಳಿ ಕಿವುಚಿದಳು.

ಕೊನೆಯ ಪಟ್ಟಿಯ ಸುದ್ದಿ ತಂದವಳೂ ಕವಿತಳೇ. ಎಲ್ಲರೂ ಊಟಕ್ಕೆ ಕೂತಿದ್ದರು.

"ಸ್ವಲ್ಪದ್ರಲ್ ಓಗದೆ ಅತ್ತಿಗೇದು. ನಂದ್ ತೊಂಬತ್ತದೆ. ಬೇಕಾರೆ ನಂದ್ರಲ್ಲೇ ತಕಳಿ ಅತ್ತಿಗೆ!"

ಅವಳೊಬ್ಬಳೇ ನಕ್ಕಳು. ಸಿದ್ದೇಶ್ ತಟ್ಟೆ ಮುಂದಕ್ಕೆ ತಳ್ಳಿ, "ಓಗ್ಲಿ ಬುಡು. ನೀನೇನ್ ದುಡ್ದ್ ತರ್ಬೇಕಾಗಿತ್ತಾ? ಇನ್ನೊಂದ್ ಸೌಟಾಕು," ಅಂದ. ಅಮೃತ ಸಾರು ಬಡಿಸಿದಳು. ಅವನಿಗೆ, ಮಾವನಿಗೆ, ಕವಿತಳಿಗೆ ಬಡಿಸಿದಳು. ಚಲುವಮ್ಮ ತನ್ನ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದಳು.

ಕವಿತಳ ಕಾರ್ಡು ಮಂಡ್ಯದಲ್ಲಿ ಅಚ್ಚಾಗಿ ಬಂತು. ಚಿ. ಸೌ. ಕವಿತ, ಬಿ.ಕಾಂ. ಮೂಲೆಗಳಿಗೆ ಅರಿಶಿನ ಹಚ್ಚಿದವಳು ಅಮೃತ. ನಾಗಮಣಿ ತನ್ನ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಪರೀಕ್ಸೆ ಮದ್ವೆ ಆದ್ಮೇಲಲ್ವಾ ಅಕ್ಕಾ?" ಅಂದಳು. ಚಲುವಮ್ಮ ಉಳಿದ ಕಾರ್ಡು ಎತ್ತಿಕೊಂಡು ಮುಂದಿನ ಮನೆಗೆ ನಡೆದಳು.

ಬೀಗರನ್ನು ಮನೆಗೇ ಹೋಗಿ ಕರೆಯಬೇಕು. ಚಲುವಮ್ಮ ಸೊಸೆಯನ್ನು ಕರೆದುಕೊಂಡು ಕೆರಗೋಡಿಗೆ ಹೋದಳು. ಮಂಡ್ಯದಲ್ಲಿ ಬಸ್ಸು ಬದಲಾಯಿಸುವಾಗ ಕಾಲೇಜಿನ ಹುಡುಗಿಯರ ಗುಂಪೊಂದು ಎದುರಾಯಿತು. ಅಮೃತ ಮುಖ ತಿರುಗಿಸಿ ಬಸ್ಸಿನ ಬೋರ್ಡು ಓದಿದಳು.

ಶಿವರಾಜು ಆಲೆಮನೆಯಿಂದ ಓಡಿ ಬಂದ. ಮೈಯೆಲ್ಲ ಹೊಗೆ, ಪಾಕದ ವಾಸನೆ. ಕೈ ತೊಳೆದು ಕಾರ್ಡು ಇಸಕೊಂಡು, ದೂರ ಹಿಡಿದು ಓದಿದ. ಗೋಡೆಯ ಮೊಳೆಗೆ ಮಗಳ ಮದುವೆಯ ಕಾರ್ಡು ಇನ್ನೂ ಚುಚ್ಚಿಯೇ ಇತ್ತು. ಬಿ.ಎಸ್ಸಿ. ಎನ್ನುವ ಅಕ್ಷರದ ಹತ್ತಿರ ಕಾಗದ ಬೆರಳಾಡಿ ಮಾಸಿತ್ತು.

"ಕವಿತಂದೂ ಆಯ್ತು, ಸಂತೋಸ ಬೀಗ್ರೇ," ಅಂದ. ಆಮೇಲೆ ತಡೆಯಲಾರದೆ ಮಗಳ ಕಡೆ ತಿರುಗಿದ. "ಪಕ್ಕದ್ಮನೆ ಉಡ್ಗ ಪ್ರಾಕ್ಟಿಕಲ್ಲು ಮುಗೀತು ಅಂತಿದ್ದ. ನಿಂದೂ ಆಯ್ತೇನವ್ವ? ಫೋನಲ್ ಕೇಳುದ್ರೆ ನೀನ್ ಬರೀ ಊಟ ಆಯ್ತಾ ಅಂತೀಯೆ."

ಅಮೃತ ತಲೆ ಎತ್ತಲಿಲ್ಲ. "ಅತ್ತೇನ್ ಕೇಳಪ್ಪ," ಅಂದಳು.

ಶಿವರಾಜು ಬೀಗಿತಿಯ ಮುಖ ನೋಡಿದ. ಅವನ ಕಣ್ಣಿನ ಸುತ್ತ ಒಲೆಯ ಕಾವಿಗೆ ಸುಟ್ಟ ಚರ್ಮ. ಅದರ ನಡುವೆ ಪರೀಕ್ಷೆಯ ಫಲಿತಾಂಶಕ್ಕೆ ನಿಂತ ಹುಡುಗನ ಹಾಗೆ ಕಾಯುವ ಕಣ್ಣು. ನಿಜ ಹೇಳಬೇಕೆಂದೇ ಚಲುವಮ್ಮ ಬಾಯಿ ತೆರೆದಳು.

"ಆಯ್ತು ಬೀಗ್ರೇ," ಅಂದಳು. "ಚೆನ್ನಾಗ್ ಮಾಡವ್ಳೆ."

"ಅಂಗಾರೆ ಗೆದ್ದಂಗೇಯ! ಇನ್ ಬರ್ಯಾದ್ ತಾನೆ? ಬರ್ಯಾದ್ರಲ್ಲಿ ಅವ್ಳ್ ಸೋಲಾಕಿಲ್ಲ!" ಅವನು ಎದ್ದೇಬಿಟ್ಟ. ಆಲೆಮನೆಗೆ ಹೋಗಿ, ಆಗಷ್ಟೇ ಅಚ್ಚಿನಿಂದ ಬಿಡಿಸಿದ ಬೆಲ್ಲವನ್ನು ಬಾಳೆಲೆಯಲ್ಲಿ ತಂದ. ಇನ್ನೂ ಬೆಚ್ಚಗಿತ್ತು. ಮಗಳಿಗೆ ಕೊಡಲು ಹೋದವನು ತಡೆದು, ಚಲುವಮ್ಮನ ಮುಂದೆ ಹಿಡಿದ.

"ಮೊದ್ಲು ನೀವ್ ತಕಳಿ ಬೀಗ್ರೇ. ಮಾತುಳ್ಸ್ಕಂಡ್ರಿ. ಯಾರ್ ಓದುಸ್ತಾರೆ ಬೀಗ್ರೇ, ಬಂದ್ ಸೊಸೇನಾ?"

ಚಲುವಮ್ಮ ಒಂದು ಚೂರು ಮುರಿದುಕೊಂಡಳು. ಆಮೇಲೆ ಅವನು ಮಗಳಿಗೆ ಹಿಡಿದ. ಅಮೃತ ಅಪ್ಪನ ಮುಖ ನೋಡಿದಳು, ಗೋಡೆಯ ಕಾರ್ಡು ನೋಡಿದಳು, ಅತ್ತೆಯನ್ನು ಮಾತ್ರ ನೋಡಲಿಲ್ಲ. ಬಾಯಿ ತೆರೆದು ಬೆಲ್ಲ ಹಾಕಿಸಿಕೊಂಡಳು.

"ಎಂಗದೆ?" ಅಂದ ಶಿವರಾಜು.

"ಚೆನ್ನಾಗದೆ ಕಣಪ್ಪ," ಅಂದಳು ಅಮೃತ. ಆಮೇಲೆ ಸೆರಗಿನಿಂದ ಬಾಯೊರೆಸಿಕೊಂಡು ಎದ್ದಳು. "ಏಳಿ ಅತ್ತೆ, ಬಸ್ಸೋಯ್ತದೆ. ಮನೇಲಿ ಸೊಪ್ಪಾಕರಿಲ್ಲ."

ಚಲುವಮ್ಮನ ಬಾಯಲ್ಲಿ ಬೆಲ್ಲ ಆಗಲೇ ಕರಗಿತ್ತು. ಒಳ್ಳೆಯ ಬೆಲ್ಲವೇ, ಒಂದು ಕಲ್ಲೂ ಇರಲಿಲ್ಲ.